ಮುಡಿಗೇರಿದ ಪಾಷಾಣ

1861ರ ನವೆಂಬರ್ 20ರಂದು ಲಂಡನ್ನಿನಲ್ಲಿ ಮಟಿಲ್ಡಾ ಶ್ಯೂರರ್ ಎಂಬ 19 ವರ್ಷದ ಹುಡುಗಿ ತೀರಿಕೊಂಡಳು. ಸಾಯುವ ಮುಂಚೆ ಅವಳು ಕಾರಿಕೊಂಡದ್ದು ಹಸಿರು ನೀರು. ಕಣ್ಣಿನ ಬಿಳಿಭಾಗವೂ ಹಸಿರಾಗಿತ್ತು, ನೋಡಿದ್ದೆಲ್ಲ ಹಸಿರಾಗಿಯೇ ಕಾಣುತ್ತಿದೆ ಎಂದು ವೈದ್ಯರ ಹತ್ತಿರ ಹೇಳಿಕೊಂಡಿದ್ದಳು. ಶವಪರೀಕ್ಷೆಯಲ್ಲಿ ಹೊಟ್ಟೆ, ಪಿತ್ತಜನಕಾಂಗ, ಶ್ವಾಸಕೋಶಗಳಲ್ಲೆಲ್ಲ ಆರ್ಸೆನಿಕ್, ಅಂದರೆ ಪಾಷಾಣ, ಸಿಕ್ಕಿತು.

ಯಾರೂ ಅವಳಿಗೆ ವಿಷ ಇಟ್ಟಿರಲಿಲ್ಲ. ಶ್ರೀಮಂತ ಹೆಂಗಸರು ನೃತ್ಯಕೂಟಗಳಿಗೆ ಹೋಗುವಾಗ ತಲೆಗೆ ಮುಡಿಯುತ್ತಿದ್ದ ಕೃತಕ ಹೂಮಾಲೆಗಳಿಗೆ ಎಲೆ ಮಾಡುವುದು ಅವಳ ಕೆಲಸ. ತೆಳುಬಟ್ಟೆಯಲ್ಲಿ ಕತ್ತರಿಸಿದ ಎಲೆಗೆ ಮೇಣ ಹಚ್ಚಿ, ಅದರ ಮೇಲೆ ಒಣ ಹಸಿರು ಪುಡಿಯನ್ನೇ ಉದುರಿಸಬೇಕು. ಅಂಟಿದ್ದು ಎಲೆಗೆ, ಮಿಕ್ಕಿದ್ದು ಗಾಳಿಗೆ. ಅದೇ ಕೈಯಲ್ಲಿ ಊಟ. ಒಂದೂವರೆ ವರ್ಷದಲ್ಲಿ ನಾಲ್ಕು ಸಲ ಅವಳು ಇದೇ ಕಾರಣಕ್ಕೆ ಹಾಸಿಗೆ ಹಿಡಿದಿದ್ದಳು.

ಆ ಪುಡಿ ಹುಟ್ಟಿದ್ದು ಸ್ವೀಡನ್ನಿನಲ್ಲಿ. 1775ರಲ್ಲಿ ಕಾರ್ಲ್ ಶೀಲೆ ಎಂಬ ರಸಾಯನಜ್ಞ, ನಮ್ಮ ತೋಟಗಾರರಿಗೆ ಚೆನ್ನಾಗಿ ಗೊತ್ತಿರುವ ಮೈಲುತುತ್ತದ ದ್ರಾವಣಕ್ಕೆ ಬಿಳಿ ಪಾಷಾಣ ಮತ್ತು ಪೊಟ್ಯಾಶ್ ಬೆರೆಸಿದಾಗ ತಳದಲ್ಲಿ ಹಸಿರು ಗಸಿ ಕೂತಿತು. ತಾಮ್ರದ ಆರ್ಸೆನೈಟ್ ಅದು. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ಇದಕ್ಕೆ ಅಸಿಟಿಕ್ ಆಮ್ಲವೂ ಸೇರಿ ಪಚ್ಚೆಕಲ್ಲಿನಷ್ಟು ಹೊಳೆಯುವ ಬಣ್ಣ ಬಂತು. ಅಲ್ಲಿಯವರೆಗೆ ಹಸಿರು ಬಟ್ಟೆ ಬೇಕೆಂದರೆ ನೀಲಿಯ ಮೇಲೆ ಹಳದಿ ಹಾಕಬೇಕಿತ್ತು, ಅದೂ ಬೇಗ ಮಾಸುತ್ತಿತ್ತು. ಹೊಸ ಹಸಿರು ಗ್ಯಾಸ್ ದೀಪದ ಬೆಳಕಿನಲ್ಲೂ ಕಳೆಗುಂದಲಿಲ್ಲ. ಫ್ಯಾಷನ್ನಿಗೆ ಇನ್ನೇನು ಬೇಕು?

ಈ ಪುಡಿ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಆದರೆ ಆಮ್ಲದಲ್ಲಿ ಸಲೀಸಾಗಿ ಕರಗುತ್ತದೆ. ಮೂಗು ಬಾಯಿಗೆ ಹೋದ ಧೂಳು ಎಂಜಲಿನ ಜೊತೆ ಹೊಟ್ಟೆಗಿಳಿದರೆ ಜಠರದ ಆಮ್ಲ ಅದರಿಂದ ಆರ್ಸೆನಿಕ್ಕನ್ನು ಬಿಡಿಸಿಕೊಡುತ್ತದೆ. ಆರ್ಸೆನಿಕ್ಕಿಗೆ ಗಂಧಕವೆಂದರೆ ವಿಪರೀತ ಮೋಹ. ಆಹಾರದಿಂದ ಶಕ್ತಿ ತೆಗೆಯುವ ಕೆಲವು ಕಿಣ್ವಗಳು ನಡೆಯುವುದೇ ಗಂಧಕವಿರುವ ಭಾಗಗಳಿಂದ. ಅಲ್ಲಿ ಹೋಗಿ ಆರ್ಸೆನಿಕ್ ಕೂತರೆ ಜೀವಕೋಶ ಹಸಿದು ಸಾಯುತ್ತದೆ.

ಪ್ಯಾರಿಸ್ಸಿನಲ್ಲಿ ಮ್ಯಾಕ್ಸಿಮ್ ವೆರ್ನುವಾ ಎಂಬ ವೈದ್ಯ 1859ರಲ್ಲೇ ಹೂ ಕೆಲಸಗಾರರ ಕೈಗಳ ಬಣ್ಣದ ಚಿತ್ರ ಪ್ರಕಟಿಸಿದ್ದ: ಉಗುರಿನ ಸಂದಿಯಲ್ಲಿ ಹಸಿರು, ಬೆರಳಿನ ಮೇಲೆ ಹುಣ್ಣು. ಅದನ್ನು ನೋಡಿ ಮಾಲೆ ಕೊಳ್ಳುವವರು ಹಿಂಜರಿದಂತಿಲ್ಲ. ಮಟಿಲ್ಡಾ ಸತ್ತ ಮೇಲೆ ಲಂಡನ್ನಿನ ಮಹಿಳೆಯರ ಸಂಘವೊಂದು ರಸಾಯನಜ್ಞ ಹಾಫ್‌ಮನ್ ಕೈಯಲ್ಲಿ ಎಲೆಗಳನ್ನು ಪರೀಕ್ಷೆ ಮಾಡಿಸಿತು. ಒಂದು ಮಾಲೆಯಲ್ಲಿ 20 ಜನರನ್ನು ಕೊಲ್ಲುವಷ್ಟು ವಿಷವಿದೆ ಎಂಬ ಅವನ ಲೆಕ್ಕ 1862ರ ಫೆಬ್ರುವರಿ 1ರ 'ಟೈಮ್ಸ್' ಪತ್ರಿಕೆಯಲ್ಲಿ ಬಂತು. ಆಗ ಸದ್ದಾಯಿತು. ವಾರದೊಳಗೆ 'ಪಂಚ್' ಪತ್ರಿಕೆ ತನ್ನ ವ್ಯಂಗ್ಯಚಿತ್ರದಲ್ಲಿ ಅಸ್ಥಿಪಂಜರಗಳನ್ನು ಕುಣಿಸಿತು. ಕೆಲಸದವಳ ಕೈಗಿಂತ ಕೊಳ್ಳುವವಳ ಹಣೆ ದೊಡ್ಡ ಸುದ್ದಿ ಎಂದು ನನಗನ್ನಿಸುವುದು ಇದಕ್ಕೇ.

ಕಾನೂನು? ಬ್ರಿಟನ್ನಿನ 1851ರ ಕಾಯ್ದೆಯಂತೆ ಇಲಿ ಕೊಲ್ಲಲು ಚೂರು ಪಾಷಾಣ ಕೊಂಡರೂ ಅಂಗಡಿಯ ಪುಸ್ತಕದಲ್ಲಿ ರುಜು ಹಾಕಬೇಕಿತ್ತು. ಆದರೆ ಆ ಕಾಯ್ದೆ ಬಣ್ಣವಿಲ್ಲದ ಪಾಷಾಣಕ್ಕೆ ಮಾತ್ರ. ಹಸಿರು ಪುಡಿ ಎಷ್ಟು ಬೇಕಾದರೂ ತರಬಹುದಿತ್ತು.

ಕೊನೆಗೆ ಈ ಬಣ್ಣವನ್ನು ಹಿಂದೆ ಸರಿಸಿದ್ದರಲ್ಲಿ ಕಾನೂನಿಗಿಂತ ಹೆಚ್ಚಿನ ಪಾಲು ಅನಿಲೀನ್ ಎಂಬ ರಾಸಾಯನಿಕದಿಂದ ತಯಾರಿಸಿದ ಬಣ್ಣಗಳದ್ದು. ಅವುಗಳಲ್ಲಿ ಮೊದಲನೆಯದಾದ ಮಾವ್ ಅನ್ನು 1856ರಲ್ಲಿ ಕಂಡುಹಿಡಿದವನು ಹಾಫ್‌ಮನ್ನನ ಶಿಷ್ಯ ಪರ್ಕಿನ್. ಆದರೆ ಅದೇ ವಂಶದ ಮೆಜೆಂಟಾವನ್ನು ತಯಾರಿಸಲು 1860ರಿಂದ ಬಳಸಿದ್ದು ಆರ್ಸೆನಿಕ್ ಆಮ್ಲವನ್ನೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಂಥ ಕಾರ್ಖಾನೆಯೊಂದರ ಕೊಳಕು ನೀರು ಅಕ್ಕಪಕ್ಕದ ಬಾವಿಗಳಿಗಿಳಿದು, 1860ರ ದಶಕದಲ್ಲಿ ಅಲ್ಲಿನ ಜನ ಕಾಯಿಲೆ ಬಿದ್ದರು.