ಸುಟ್ಟ ಅಂಗಿ, ಎದ್ದು ನಿಂತ ಊರು

2010ರ ಜುಲೈ 8ರ ರಾತ್ರಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನ ಬೀದಿಗಿಳಿದು ಅಂಗಿಗಳಿಗೆ ಬೆಂಕಿ ಹಚ್ಚಿದರು. ಆ ಅಂಗಿಗಳ ಬೆನ್ನ ಮೇಲೆ ಇದ್ದದ್ದು ಒಂದೇ ಸಂಖ್ಯೆ, 23. ಒಂದೇ ಹೆಸರು, ಜೇಮ್ಸ್. ಹಿಂದಿನ ದಿನದವರೆಗೂ ಅವೇ ಅಂಗಿಗಳನ್ನು ತೊಟ್ಟು ಮೆರೆದವರೂ ಅವರೇ.

ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಹುಟ್ಟಿದ್ದು ಕ್ಲೀವ್‌ಲ್ಯಾಂಡಿಗೆ ಸಮೀಪದ ಆಕ್ರನ್ ಎಂಬ ಊರಿನಲ್ಲಿ, 1984ರಲ್ಲಿ. ಹೈಸ್ಕೂಲು ಮುಗಿಸಿ ಕಾಲೇಜಿಗೂ ಹೋಗದೆ 2003ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ ಸೇರಿದರು. ಅಲ್ಲಿನ ಪದ್ಧತಿಯಂತೆ ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಆ ವರ್ಷ ಮೊದಲ ಸರದಿ ಕ್ಲೀವ್‌ಲ್ಯಾಂಡಿನದು. ನಮ್ಮ ಮನೆಯ ಹುಡುಗ ನಮಗೇ ಸಿಕ್ಕನಲ್ಲ ಎಂದು ಊರು ಹಿಗ್ಗಿತು. ಹಿಗ್ಗಲು ಬೇರೆ ಕಾರಣಗಳೂ ಕಡಿಮೆಯಿದ್ದವು. 1964ರ ನಂತರ ಆ ನಗರದ ಯಾವ ದೊಡ್ಡ ವೃತ್ತಿಪರ ತಂಡವೂ ಪ್ರಶಸ್ತಿ ಗೆದ್ದಿರಲಿಲ್ಲ. 1995ರಲ್ಲಂತೂ ಅಲ್ಲಿನ ಫುಟ್‌ಬಾಲ್ ತಂಡದ ಮಾಲೀಕರು ತಂಡವನ್ನೇ ಬಾಲ್ಟಿಮೋರ್ ನಗರಕ್ಕೆ ಒಯ್ಯುವುದಾಗಿ ಸಾರಿದ್ದರು.

ಏಳು ಋತುಗಳ ನಂತರ ಜೇಮ್ಸ್ ಅವರ ಒಪ್ಪಂದ ಮುಗಿಯಿತು. ಅದಕ್ಕೆಂದೇ ಏರ್ಪಡಿಸಿದ್ದ ಟಿ.ವಿ. ಕಾರ್ಯಕ್ರಮದಲ್ಲಿ ಕುಳಿತು, ತಾವು ಮಯಾಮಿ ತಂಡಕ್ಕೆ ಹೋಗುವುದಾಗಿ ದೇಶಕ್ಕೆಲ್ಲ ತಿಳಿಸಿದರು. ನಿಯಮ ಮುರಿಯಲಿಲ್ಲ, ಯಾರ ಸಾಲವನ್ನೂ ಉಳಿಸಿಕೊಂಡಿರಲಿಲ್ಲ. ಆದರೆ ಮನೆ ಬಿಟ್ಟು ಹೋಗುವ ಮಗ ಊರೆಲ್ಲ ಡಂಗುರ ಹೊಡೆಸಿ ಹೊರಟರೆ ತಾಯಿಗೆ ಹೇಗಾದೀತು? ತಂಡದ ಮಾಲೀಕರೇ ಬಹಿರಂಗ ಪತ್ರ ಬರೆದು ಇದನ್ನು ಹೇಡಿತನದ ದ್ರೋಹವೆಂದು ಕರೆದರು. ಜೇಮ್ಸ್‌ಗಿಂತ ಮೊದಲು ತಾವೇ ಪ್ರಶಸ್ತಿ ಗೆಲ್ಲುವುದಾಗಿ ಪಣ ತೊಟ್ಟರು. ನಂತರ ಅವರು ಒಂದು ಲಕ್ಷ ಡಾಲರ್ ದಂಡ ತೆರಬೇಕಾಯಿತು.

ಒಬ್ಬ ಅಪರಿಚಿತ ಆಟಗಾರ ಕೆಲಸ ಬದಲಿಸಿದರೆ ನಮ್ಮ ಹೊಟ್ಟೆಯಲ್ಲೇಕೆ ಸಂಕಟ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಸ್ವಾರಸ್ಯಕರ ಸುಳಿವಿದೆ. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫುಟ್‌ಬಾಲ್ ಪಂದ್ಯ ಮುಗಿದ ನಂತರದ ಸೋಮವಾರಗಳಂದು ಏಳು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಏನು ತೊಟ್ಟು ಬರುತ್ತಾರೆಂದು ಎಣಿಸಿದರು. ತಂಡ ಗೆದ್ದಿದ್ದರೆ ವಿಶ್ವವಿದ್ಯಾಲಯದ ಹೆಸರು, ಲಾಂಛನಗಳಿರುವ ಉಡುಪು ಹೆಚ್ಚು ಕಾಣಿಸಿತು. ಮಾತಿನಲ್ಲೂ ಅಷ್ಟೇ. ಗೆದ್ದಾಗ ‘ನಾವು ಗೆದ್ದೆವು’ ಎನ್ನುವವರು, ಸೋತಾಗ ‘ಅವರು ಸೋತರು’ ಎನ್ನುವ ಕಡೆಗೆ ವಾಲುತ್ತಿದ್ದರು. ತಾರಾ ಆಟಗಾರನ ಬೆಳಕಿನಲ್ಲಿ ನಾವೂ ಸ್ವಲ್ಪ ಮಿಂಚುತ್ತೇವೆ. ಚಂದ್ರನಿಗೆ ಸ್ವಂತ ಬೆಳಕಿಲ್ಲವೆಂದು ಐದನೆಯ ತರಗತಿಯ ಮಕ್ಕಳೂ ಬಲ್ಲರು. ಸೂರ್ಯ ಎದ್ದು ಬೇರೆ ಊರಿಗೆ ಹೋದರೆ ಕತ್ತಲಾಗುವುದು ಚಂದ್ರನಿಗೇ.

ಆದ್ದರಿಂದ ಮಗ ಅಥವಾ ಮಗಳು ಗೋಡೆಯ ಮೇಲಿನ ಚಿತ್ರ ಹರಿದು ಮುಖ ಊದಿಸಿ ಕುಳಿತರೆ ‘ಆಟ ತಾನೇ, ಪುಸ್ತಕ ತೆಗೆ’ ಎಂದು ಗದರುವುದರಿಂದ ಪ್ರಯೋಜನವಿಲ್ಲ. ನೋವು ನಿಜವಾದದ್ದೇ. ಅದನ್ನು ಹೇಳಿಕೊಳ್ಳಲು ಬಿಡಿ. ಆಮೇಲೆ ಲೆಕ್ಕ ಮಾಡಲು ಹಚ್ಚಿ. ಆಟಗಾರ ನಿಷ್ಠನಾಗಿರಬೇಕೆನ್ನುವ ನಾವು ತಂಡದಿಂದಲೂ ಅಷ್ಟೇ ನಿಷ್ಠೆ ಕೇಳುತ್ತೇವೆಯೇ? 2017ರ ಏಪ್ರಿಲ್‌ನಲ್ಲಿ ಬಾಸ್ಟನ್ ತಂಡದ ಐಸೇಯಾ ಥಾಮಸ್ ತಮ್ಮ ತಂಗಿ ಅಪಘಾತದಲ್ಲಿ ತೀರಿಕೊಂಡ ಮರುದಿನವೇ ಅಂಕಣಕ್ಕಿಳಿದು ಆಡಿದರು. ಅದೇ ಆಗಸ್ಟ್‌ನಲ್ಲಿ ಬಾಸ್ಟನ್ ಅವರನ್ನು ಕ್ಲೀವ್‌ಲ್ಯಾಂಡಿಗೆ ಕೊಟ್ಟುಬಿಟ್ಟಿತು. ಆರು ತಿಂಗಳಲ್ಲಿ ಕ್ಲೀವ್‌ಲ್ಯಾಂಡ್ ಕೂಡ ಅವರನ್ನು ಬೇರೆಡೆಗೆ ಸಾಗಹಾಕಿತು. ಅದಕ್ಕೆ ವ್ಯವಹಾರವೆಂದು ಹೆಸರು. ಆಟಗಾರ ತಾನೇ ಹೊರಟರೆ ಮಾತ್ರ ದ್ರೋಹ!

ಇದು ದೂರದ ದೇಶದ ಕಥೆಯೇನೂ ಅಲ್ಲ. ಗುಜರಾತ್ ತಂಡಕ್ಕೆ 2022ರಲ್ಲಿ ಐಪಿಎಲ್ ಪ್ರಶಸ್ತಿ ಗೆದ್ದುಕೊಟ್ಟ ಹಾರ್ದಿಕ್ ಪಾಂಡ್ಯ 2024ರಲ್ಲಿ ಮುಂಬೈ ನಾಯಕರಾಗಿ ಅಹಮದಾಬಾದಿಗೆ ಬಂದಾಗ ಜನ ಕೂಗಿ ಅಣಕಿಸಿದರು. ರೋಹಿತ್ ಶರ್ಮಾ ಅವರ ಜಾಗಕ್ಕೆ ಬಂದರೆಂದು ಮುಂಬೈಯವರೂ ಕೂಗಿದರು. ಜೂನ್ 29ರಂದು ವಿಶ್ವಕಪ್ ಫೈನಲ್‌ನ ಕೊನೆಯ ಓವರನ್ನು ಅದೇ ಪಾಂಡ್ಯ ಎಸೆದು ಗೆಲ್ಲಿಸಿದ ಮೇಲೆ ಅದೇ ವಾಂಖೆಡೆಯಲ್ಲಿ ಅವರ ಹೆಸರಿನ ಜಯಘೋಷ ಮೊಳಗಿತು. ಇತ್ತ ರಾಹುಲ್ ದ್ರಾವಿಡ್ 2011ರಲ್ಲಿ ಬೆಂಗಳೂರು ತಂಡದಿಂದ ರಾಜಸ್ಥಾನಕ್ಕೆ ಹೋದರೂ ಬೆಂಗಳೂರಿಗರ ಬಾಯಲ್ಲಿ ‘ನಮ್ಮ ದ್ರಾವಿಡ್’ ಆಗಿಯೇ ಉಳಿದರು.

ಮತ್ತೆ ಕ್ಲೀವ್‌ಲ್ಯಾಂಡಿಗೆ ಬರೋಣ. 2010ರ ಡಿಸೆಂಬರ್ 2ರಂದು ಎದುರಾಳಿಯಾಗಿ ಬಂದ ಜೇಮ್ಸ್ ಚೆಂಡು ಮುಟ್ಟಿದಾಗಲೆಲ್ಲ ಕ್ರೀಡಾಂಗಣ ಬೊಬ್ಬಿರಿಯಿತು. ಅವರು 38 ಅಂಕ ಗಳಿಸಿದರು. ಮಯಾಮಿ 118-90ರಿಂದ ಗೆದ್ದಿತು. ಹಿಂದಿನ ಋತುವಿನಲ್ಲಿ 61 ಪಂದ್ಯ ಗೆದ್ದಿದ್ದ ಕ್ಯಾವಲಿಯರ್ಸ್ ಈ ಬಾರಿ ಗೆದ್ದದ್ದು 19. ನಡುವೆ ಸತತ 26 ಸೋಲು. ಬೆಂಕಿ ಯಾರನ್ನು ಸುಟ್ಟಿತೆಂಬುದು ಸ್ಪಷ್ಟ. ಅಂಗಿಗಳನ್ನು ಪೂರ್ತಿ ಬೆಲೆ ತೆತ್ತು ಕೊಂಡದ್ದು ಅಭಿಮಾನಿಗಳೇ ತಾನೆ?

ಮಯಾಮಿ ಪರ ಎರಡು ಪ್ರಶಸ್ತಿ ಗೆದ್ದು 2014ರಲ್ಲಿ ಜೇಮ್ಸ್ ಮರಳಿದರು. ಮಯಾಮಿಯಲ್ಲಿ 6ನೇ ಸಂಖ್ಯೆ ತೊಟ್ಟಿದ್ದವರು ಇಲ್ಲಿ ಮತ್ತೆ 23ನ್ನೇ ತೊಟ್ಟರು. ಸುಡದೆ ಪೆಟ್ಟಿಗೆಯ ತಳದಲ್ಲಿ ಇಟ್ಟವರಿಗೆ ದುಡ್ಡು ಉಳಿಯಿತು. 2016ರ ಜೂನ್ 19ರಂದು, 3-1ರ ಹಿನ್ನಡೆಯಿಂದ ಮೇಲೆದ್ದು, ಏಳನೆಯ ಪಂದ್ಯವನ್ನು 93-89ರಿಂದ ಗೆದ್ದ ಕ್ಯಾವಲಿಯರ್ಸ್ ಊರಿನ 52 ವರ್ಷಗಳ ಬರವನ್ನು ನೀಗಿತು.

2018ರಲ್ಲಿ ಜೇಮ್ಸ್ ಮತ್ತೆ ಹೊರಟರು, ಈ ಸಲ ಲಾಸ್ ಏಂಜಲೀಸಿಗೆ. ಅದೇ ಊರು, ಅದೇ ಆಟಗಾರ, ಅದೇ ಕೆಲಸ. ವಿಜ್ಞಾನದ ದೃಷ್ಟಿಯಿಂದ ಇದನ್ನು ಶುದ್ಧ ಪ್ರಯೋಗ ಎನ್ನಲಾಗದು, ನಡುವೆ ಪ್ರಶಸ್ತಿಯೊಂದು ಬಂದಿತ್ತು. ಅಬ್ಬರದ ಕಾರ್ಯಕ್ರಮವೂ ಇರಲಿಲ್ಲ, ಒಂದು ಪುಟ್ಟ ಪ್ರಕಟಣೆಯಷ್ಟೆ. ಅದೇ ಬೇಸಿಗೆಯಲ್ಲಿ ಆಕ್ರನ್‌ನಲ್ಲಿ ಹಿಂದುಳಿದ ಮಕ್ಕಳಿಗಾಗಿ ಅವರ ಪ್ರತಿಷ್ಠಾನದ ನೆರವಿನ ಶಾಲೆಯೂ ತೆರೆದಿತ್ತು.

ನವೆಂಬರ್ 21ರಂದು ಅವರು ಲೇಕರ್ಸ್ ತಂಡದ ಅಂಗಿ ತೊಟ್ಟು ಕ್ಲೀವ್‌ಲ್ಯಾಂಡ್ ಅಂಕಣಕ್ಕೆ ಬಂದರು. ಎಂಟು ವರ್ಷಗಳ ಹಿಂದೆ ಬೊಬ್ಬೆ ಹಾಕಿದ್ದ ಅದೇ ಕ್ರೀಡಾಂಗಣದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜೇಮ್ಸ್ 32 ಅಂಕ ಗಳಿಸಿದರು. ಕ್ಯಾವಲಿಯರ್ಸ್ 109-105ರಿಂದ ಸೋತಿತು.