ಕೋವಿಯ ನಳಿಗೆಗೆ ಒದ್ದೆ ಬಟ್ಟೆ ಏಕೆ?

ಜಹೀರಾಬಾದಿಗೆ ಬೀದರ ದೂರವೇನಲ್ಲ. ನಿಮ್ಮಲ್ಲಿ ಬಹಳ ಜನ ಶಾಲೆಯ ಪ್ರವಾಸಕ್ಕೋ, ನೆಂಟರ ಮದುವೆಗೋ ಹೋದಾಗ ಅಲ್ಲಿನ ಕೋಟೆ ನೋಡಿರುತ್ತೀರಿ. ಬುರುಜಿನ ಮೇಲಿನ ಉದ್ದನೆಯ ತೋಪಿನ ಪಕ್ಕ ನಿಂತು ಫೋಟೋನೂ ತೆಗೆಸಿಕೊಂಡಿರುತ್ತೀರಿ. ಮುಂದಿನ ಸಲ ಹೋದಾಗ ಅದರ ಬಾಯೊಳಗೆ ಒಂಚೂರು ಇಣುಕಿ ನೋಡ್ರಿ. ಬಾಯಿಂದ ಮದ್ದು ತುಂಬುವ ತೋಪುಗಳಲ್ಲಿ ಒಂದು ಗುಂಡು ಹಾರಿದ ಮೇಲೆ ಎರಡನೆಯದನ್ನು ತುಂಬುವ ಮುಂಚೆ ಒಂದು ಕೆಲಸ ಇರುತ್ತಿತ್ತು. ಉದ್ದ ಕೋಲಿನ ತುದಿಗೆ ಕಟ್ಟಿದ ಕುರಿಚರ್ಮವನ್ನು ನೀರಲ್ಲಿ ಅದ್ದಿ, ನಳಿಗೆಯ ತಳದ ತನಕ ತೂರಿಸಿ, ತಿರುವಿ ಹೊರಗೆ ಎಳೆಯುವುದು. ಎದುರಿಗೆ ಶತ್ರು ನುಗ್ಗಿ ಬರುತ್ತಿದ್ದರೂ ಈ ಕೆಲಸ ಬಿಡುವಂತಿರಲಿಲ್ಲ. ಒಳಗೆ ಒಂದೇ ಒಂದು ಕೆಂಡದ ಚೂರು ಉಳಿದಿದ್ದರೂ ಹೊಸ ಮದ್ದು ಹಾಕುವಾಗಲೇ ಅದು ಹೊತ್ತಿ, ತುಂಬುವವನ ಕೈಯೇ ಹೋಗುತ್ತಿತ್ತು. ಮದ್ದಿನ ಬಲ ಎಂಥದ್ದು ಅಂತ ತಿಳಿಯಬೇಕಾದರೆ ಅದೇ ಊರಿನ ಮಹಮೂದ್ ಗವಾನನ ಮದರಸಾ ನೋಡಿ. 1472ರಲ್ಲಿ ಕಟ್ಟಿದ ಆ ಚೆಂದದ ಕಟ್ಟಡದ ಒಂದು ಭಾಗ, 17ನೇ ಶತಮಾನದ ಕೊನೆಗೆ ಒಳಗಿಟ್ಟಿದ್ದ ಮದ್ದು ಸಿಡಿದು ಹಾರಿಹೋಯಿತು.

ಕೆಂಡ ಆರಿಸುವುದು ಒಂದು ಕಾರಣ. ಕೈಯಲ್ಲಿ ಹಿಡಿಯುವ ಕೋವಿಗೆ ಇನ್ನೊಂದು ಕಾರಣವೂ ಇದೆ, ಅದು ಕಿಟ್ಟ.

ಕಪ್ಪು ಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪೆಂದರೆ ಪೊಟ್ಯಾಸಿಯಂ ನೈಟ್ರೇಟ್. ನಿಮ್ಮ ಕಡೆ ತೆಲುಗಿನಲ್ಲಿ ಸುರೇಕಾರಂ ಅನ್ನುತ್ತಾರಲ್ಲ, ಅದೇ. ಮದ್ದು ಉರಿದಾಗ ಇದ್ದಿಲಿನ ಇಂಗಾಲ ಬಹುಪಾಲು ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ನೈಟ್ರೇಟಿನ ಸಾರಜನಕ ಅನಿಲವಾಗಿ ಬಿಡುಗಡೆ ಆಗುತ್ತದೆ. ಬಿಸಿಯಾದ ಈ ಅನಿಲಗಳು ಹಿಗ್ಗಿ ಗುಂಡನ್ನು ತಳ್ಳುತ್ತವೆ. ಪೊಟ್ಯಾಸಿಯಂ ಎಲ್ಲಿಗೆ ಹೋಗಬೇಕು? ಅದು ಅನಿಲವಾಗಿ ಉಳಿಯುವ ಜಾತಿಯದಲ್ಲ. ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಂಬ ಲವಣಗಳಾಗಿ ಗಟ್ಟಿಯಾಗುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಉರಿದ ಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ಹೀಗೆ ಘನವಸ್ತು ಆಗುತ್ತದೆ, ಅನಿಲ ಆಗುವುದು ಅರ್ಧಕ್ಕಿಂತ ಕಡಿಮೆ! ಹಳೆಯ ಕೋವಿ ಹಾರಿದಾಗ ಬರುವ ದಟ್ಟ ಬಿಳಿ ಹೊಗೆ ಈ ಲವಣಗಳ ಪುಡಿಯೇ. ಹೊಗೆಯ ಜೊತೆ ಹೊರಗೆ ಹೋಗದೆ ಉಳಿದದ್ದು ನಳಿಗೆಯ ಗೋಡೆಗೆ ಹತ್ತುತ್ತದೆ. ಇದ್ದಿಲ ಚೂರು ಸೇರಿ ಅದೇ ಕರೀ ಕಿಟ್ಟ.

ಒಂದು ಸಲ ಹಾರಿಸಿದರೆ ತೆಳ್ಳನೆಯ ಪದರ. ಹತ್ತು ಸಲ ಹಾರಿಸಿದರೆ? ಒಳಗಿನ ದಾರಿಯೇ ಕಿರಿದಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಹಳೆಯ ಮಸ್ಕೆಟ್ ಕೋವಿಯ ನಳಿಗೆ ಸುಮಾರು 19 ಮಿ.ಮೀ. ಅಗಲ, ಅದಕ್ಕೆ ಹಾಕುವ ಸೀಸದ ಗುಂಡು ಸುಮಾರು 17.5 ಮಿ.ಮೀ. ಕಿಟ್ಟ ಕಟ್ಟಿದರೂ ಗುಂಡು ಇಳಿಯಲಿ ಅಂತಲೇ ಇಷ್ಟು ಸಡಿಲ ಬಿಟ್ಟಿದ್ದರು. ಆದರೆ ಸಡಿಲ ಗುಂಡು ಅತ್ತಿತ್ತ ಬಡಿಯುತ್ತಾ ಹೊರಬರುತ್ತದೆ, ಗುರಿ ತಪ್ಪುತ್ತದೆ.

ರೈಫಲ್ ಹಾಗಲ್ಲ. ಅದರ ನಳಿಗೆಯೊಳಗೆ ತಿರುಚಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು ಗಿರಗಿರ ತಿರುಗುತ್ತಾ ಹೊರಡುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡೂ ನೆಟ್ಟಗೆ ಹೋಗುತ್ತದೆ. ಆದರೆ ಕಚ್ಚಿಕೊಳ್ಳಬೇಕಾದರೆ ಗುಂಡು ಬಿಗಿ ಇರಬೇಕು. ಬಿಗಿ ಗುಂಡಿಗೆ ಕಿಟ್ಟ ಆಗದು. ಗೀರುಗಳೊಳಗೇ ಕಿಟ್ಟ ತುಂಬಿಕೊಂಡಾಗ ಗುಂಡು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಬರೀ ತೊಂದರೆಯಲ್ಲ, ಅಪಾಯ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆಯೇ ಸಿಡಿಯಬಹುದು.

ನಮ್ಮ ದೇಶದ ಇತಿಹಾಸದಲ್ಲಿ ಈ ಕಿಟ್ಟದ ಪಾತ್ರ ದೊಡ್ಡದು. ಸಮಾಜ ಪುಸ್ತಕದಲ್ಲಿ 1857ರ ಪಾಠ ಓದಿದ್ದೀರಿ. ಎನ್‌ಫೀಲ್ಡ್ ರೈಫಲ್, ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟಾ, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬ ಸುದ್ದಿ, ಮಂಗಲ್ ಪಾಂಡೆ. ಆದರೆ ತೋಟಾಕ್ಕೆ ಕೊಬ್ಬು ಯಾಕೆ ಬೇಕಿತ್ತು ಅಂತ ಪುಸ್ತಕ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಉತ್ತರ ಇದೇ ಕಿಟ್ಟ. ಎನ್‌ಫೀಲ್ಡ್ ನಳಿಗೆ 0.577 ಇಂಚು, ಅಂದರೆ ಸುಮಾರು 14.7 ಮಿ.ಮೀ. ಗುಂಡು ಅದಕ್ಕಿಂತ ಕೂದಲಿನಷ್ಟು ಸಣ್ಣದು. ಗುಂಡಿನ ಸುತ್ತಲಿನ ಕಾಗದಕ್ಕೆ ಜಿಡ್ಡು ಸವರಿದರೆ ಗುಂಡು ಜಾರಿ ಇಳಿಯುತ್ತದೆ, ಕಿಟ್ಟವೂ ಒಣಗಿ ಗಟ್ಟಿಯಾಗದೆ ಮೆತ್ತಗಿರುತ್ತದೆ. ಸಿಪಾಯಿಗಳು ಸಿಟ್ಟಿಗೆದ್ದ ಮೇಲೆ ಜೇನುಮೇಣ ಮತ್ತು ಎಣ್ಣೆಯನ್ನು ನೀವೇ ಸವರಿಕೊಳ್ಳಿ ಎಂದು ಸರ್ಕಾರ ಹೇಳಿತು. ರಸಾಯನಶಾಸ್ತ್ರದ ಪ್ರಕಾರ ಅದರಿಂದಲೂ ಕೆಲಸ ನಡೆಯುತ್ತಿತ್ತು. ಆದರೆ ಅಷ್ಟರಲ್ಲಿ ನಂಬಿಕೆಯೇ ಮುರಿದಿತ್ತು.

ಈಗ ಒರೆಸುವ ವಿಷಯಕ್ಕೆ ಬರೋಣ. ಕಬ್ಬಿಣಕ್ಕೆ ನೀರು ತಾಕಿಸಬಾರದು, ತುಕ್ಕು ಹಿಡಿಯುತ್ತದೆ ಅಂತ ನಮಗೆಲ್ಲ ಗೊತ್ತು. ಹಾಗಾದರೆ ಎಣ್ಣೆ ಬಟ್ಟೆಯಿಂದ ಒರೆಸಬಹುದಲ್ಲ? ಆಗದು. ಕಿಟ್ಟದ ಹೆಚ್ಚಿನ ಪಾಲು ಪೊಟ್ಯಾಸಿಯಂ ಲವಣ. ಲವಣ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೇ ಎರಡು ಗುಂಡುಗಳ ನಡುವೆ ಗಜದ ತುದಿಗೆ ಬಟ್ಟೆಚೂರು ಸಿಕ್ಕಿಸಿ, ನೀರಿನಿಂದ ತೇವ ಮಾಡಿ ಒಂದು ಸಲ ಒಳಗೆ ಬಿಟ್ಟು ಎಳೆಯುತ್ತಾರೆ. ಆಮೇಲೆ ಒಣ ಬಟ್ಟೆ. ತೇವ ಅಂದರೆ ಬರೀ ತೇವ, ತೊಟ್ಟಿಕ್ಕಬಾರದು. ನೀರು ತಳಕ್ಕೆ ಇಳಿದರೆ ಮುಂದಿನ ಮದ್ದು ಒದ್ದೆಯಾಗಿ ಹೊತ್ತುವುದೇ ಇಲ್ಲ. ಪ್ರತಿ ಸಲವೂ ಅಷ್ಟೇ ತೇವ, ಅಷ್ಟೇ ಸಲ ಒರೆಸುವುದು ಮುಖ್ಯ. ಆಗ ಪ್ರತಿ ಗುಂಡಿಗೂ ನಳಿಗೆ ಒಂದೇ ತರ ಇರುತ್ತದೆ, ಗುರಿಯೂ ಒಂದೇ ಕಡೆ ಬೀಳುತ್ತದೆ. ನೀವು ಪ್ರಯೋಗ ಮಾಡುವಾಗ ಒಂದನ್ನು ಬಿಟ್ಟು ಬೇರೆಲ್ಲ ಅಂಶಗಳನ್ನು ಸಮ ಇಡುತ್ತೀರಲ್ಲ, ಹಾಗೇ.

ಹವೆಯೂ ಇದರಲ್ಲಿ ಕೈಯಾಡಿಸುತ್ತದೆ. ನಾರಾಯಣಖೇಡದ ಏಪ್ರಿಲ್ ಬಿಸಿಲಿನಂಥ ಒಣ ಹವೆಯಲ್ಲಿ ಕಿಟ್ಟ ಒಣಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಹಿಂದಿನಿಂದ ತೋಟಾ ತುಂಬುವ ಕಪ್ಪುಮದ್ದಿನ ರೈಫಲ್ಲುಗಳಿಗೆ ಒಂದು ಮೋಜಿನ ಉಪಾಯವಿದೆ. ಖಾಲಿ ಕೋವಿಯ ಹಿಂಬದಿಗೆ ಸಣ್ಣ ಕೊಳವೆ ಸಿಕ್ಕಿಸಿ ಬಾಯಿಂದ ಊದುತ್ತಾರೆ. ನಮ್ಮ ಉಸಿರಿನ ತೇವವೇ ಕಿಟ್ಟವನ್ನು ಮೆತ್ತಗೆ ಮಾಡಲು ಸಾಕು!

ದಿನದ ಕೊನೆಗೆ ಬಿಸಿನೀರಿನಿಂದ ಪೂರ್ತಿ ತೊಳೆಯಬೇಕು. ಬಿಸಿನೀರು ಏಕೆಂದರೆ ಉಕ್ಕು ಬಿಸಿಯಾಗಿ ತಾನೇ ಬೇಗ ಒಣಗುತ್ತದೆ. ತೊಳೆಯುವಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಸಲ್ಫೈಡಿಗೆ ನೀರು ಸೇರಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಅದು. ಒಣಗಿದ ಮೇಲೆಯೇ ಎಣ್ಣೆಯ ಸರದಿ. ತೊಳೆಯದೆ ಬಿಟ್ಟರೆ ಕಿಟ್ಟ ತೇವ ಹೀರಿ ಹಿಡಿದಿಟ್ಟುಕೊಂಡು ಉಕ್ಕನ್ನು ತಿನ್ನುತ್ತದೆ. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತದಂದು ಮನೆಯ ಕೋವಿಗಳಿಗೆ ಹೂ ಇಟ್ಟು ಪೂಜಿಸುತ್ತಾರೆ. ಹೊರಗೆ ಹೂ ಸರಿ, ಒಳಗೆ ನೀರು ಬಟ್ಟೆ ಆಡಿರಬೇಕು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಮಾಡಿದ. ಅದು ಉರಿದರೆ ಬಹುತೇಕ ಎಲ್ಲವೂ ಅನಿಲ. ಅಲ್ಲಿಗೆ ಸೈನ್ಯಗಳಿಗೆ ಈ ಗೋಳು ತಪ್ಪಿತು.

ಮದ್ದನ್ನಾಗಲಿ, ಪಟಾಕಿ ಬಿಚ್ಚಿದ ಪುಡಿಯನ್ನಾಗಲಿ ನೀವು ಮುಟ್ಟುವಂತಿಲ್ಲ, ಬೇಕಾಗಿಯೂ ಇಲ್ಲ. ಕಿಟ್ಟದಲ್ಲಿನ ಮುಖ್ಯ ಲವಣ ನಿಮ್ಮ ಒಲೆಯಲ್ಲೇ ಇದೆ. ತಾಂಡೂರು ಕಡೆಯವರಿಗೆ ತೊಗರಿ ಕಟ್ಟಿಗೆಗೆ ಬರವೇ? ಅದರ ತಣ್ಣಗಾದ ಬೂದಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ. ಒಂದು ಹನಿ ಅರಿಶಿನ ಹಚ್ಚಿದ ಕಾಗದಕ್ಕೆ ಹಾಕಿದರೆ ಕೆಂಪಾಗುತ್ತದೆ, ಅಂದರೆ ಕ್ಷಾರ. ಉಳಿದ ನೀರನ್ನು ಎರಡು ಹಳೆಯ ಸ್ಟೀಲ್ ತಟ್ಟೆಗಳಿಗೆ ಒಂದಷ್ಟು ಹಾಕಿ ಬಿಸಿಲಿನಲ್ಲಿ ಒಣಗಿಸಿ. ಕಣ್ಣಿಗೆ ತಾಗದಂತೆ ಜೋಪಾನ. ಒಣಗಿ ಪದರ ಕಟ್ಟಿದ ಮೇಲೆ ಒಂದು ತಟ್ಟೆಯನ್ನು ಅಡುಗೆ ಎಣ್ಣೆಯ ಬಟ್ಟೆಯಿಂದ, ಇನ್ನೊಂದನ್ನು ಒದ್ದೆ ಬಟ್ಟೆಯಿಂದ ಒಂದೇ ಒಂದು ಸಲ ಒರೆಸಿ. ಎರಡರ ಮೇಲೂ ಏನು ಉಳಿಯಿತು ಅಂತ ವಿಜ್ಞಾನದ ನೋಟ್‌ಬುಕ್‌ನಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿ. ಇದನ್ನೇ ಬೇಸಿಗೆಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ಮಾಡಿದರೆ ಇನ್ನೂ ಒಳ್ಳೆಯದು.