ಸೊಂಟದಷ್ಟು ನೀರು, ಸಾಕಷ್ಟು ಗಾಳಿ

ಸೈಕಲ್ ಕಲಿಯುವವರು ಮೊದಲು ಹೋಗುವುದು ಹೆದ್ದಾರಿಗಲ್ಲ, ಶಾಲೆಯ ಮೈದಾನಕ್ಕೆ. ನೇರವಾಗಿ ಓಡಿಸುವುದು ಬೇಗ ಬರುತ್ತದೆ. ಹ್ಯಾಂಡಲ್ ತಿರುಗಿಸುವಾಗಲೇ ಮೊಣಕಾಲು ಕೆತ್ತಿಹೋಗುವುದು. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ವಿಂಡ್‌ಸರ್ಫಿಂಗ್‌ನಲ್ಲೂ ಹಾಗೆಯೇ. ಕೆಲವು ವರ್ಷಗಳಿಂದ ನಾನು ಈ ಆಟದ ಹಿಂದೆ ಬಿದ್ದಿದ್ದೇನೆ. ಈಗ ನಮ್ಮ ಮನೆಯ ಮಕ್ಕಳೂ ಕಲಿಯುತ್ತಿದ್ದಾರೆ. ‘ಯಾವ ಹಲಗೆ ಕೊಳ್ಳಬೇಕು?’ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಮೊದಲು ಒಳ್ಳೆಯ ನೀರು ಹುಡುಕಿ.

ಈ ಆಟದಲ್ಲಿ ತಿರುವು ಎರಡು ಬಗೆ. ಹಲಗೆಯ ಮೂತಿಯನ್ನು ಗಾಳಿಗೆ ಎದುರಾಗಿ ಹಾಯಿಸಿ ತಿರುಗಿದರೆ ‘ಟ್ಯಾಕ್’. ಬಾಲದ ಕಡೆಯನ್ನು ಗಾಳಿಗೆ ಅಡ್ಡಹಾಯಿಸಿ ತಿರುಗಿದರೆ ‘ಜೈಬ್’. ಎರಡರಲ್ಲೂ ಹಾಯಿಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಕಾಲು ಬದಲಿಸಬೇಕು, ಕೈ ಬದಲಿಸಬೇಕು. ಆ ಒಂದೆರಡು ಕ್ಷಣ ಹಿಡಿತ ಸಡಿಲ, ಆಗಲೇ ದೊಪ್ಪನೆ ಬೀಳುವುದು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಇಬಾದ್ ಅಲಿ ಈ ಆಟದಲ್ಲಿ ಭಾರತಕ್ಕೆ ಕಂಚು ತಂದರು. ಅಂಥ ಸ್ಪರ್ಧೆಯಲ್ಲೂ ನೇರ ಓಡಿದರೆ ಸಾಲದು. ತೇಲುಬುರುಡೆಗಳನ್ನು ಸುತ್ತಿ ತಿರುಗಲೇಬೇಕು.

ಆಳದ ನೀರಿನಲ್ಲಿ ಬಿದ್ದರೆ ಹಲಗೆ ಹತ್ತಿ, ಒದ್ದೆ ಹಾಯಿಯನ್ನು ಹಗ್ಗದಿಂದ ಎಳೆದೆತ್ತಬೇಕು. ಹತ್ತು ಸಲ ಹಾಗೆ ಮಾಡಿದರೆ ತೋಳು ಸೋತುಹೋಗುತ್ತದೆ, ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಸೊಂಟದಷ್ಟು ನೀರಾದರೆ ಎದ್ದು ನಿಂತರಾಯಿತು, ಮತ್ತೆ ಪ್ರಯತ್ನಿಸಬಹುದು. ಹಾಗೆಂದು ಮೊಣಕಾಲಷ್ಟೇ ನೀರು ಸಾಲದು. ಹಲಗೆಯ ಅಡಿಯಲ್ಲಿರುವ ರೆಕ್ಕೆ ಹೆಚ್ಚುಕಡಿಮೆ ಒಂದು ಮೊಳ ಇರಬಹುದು. ಅದು ಮರಳಿಗೆ ತಗುಲಿದರೆ ಹಲಗೆ ಗಕ್ಕನೆ ನಿಂತು, ನೀವು ಮುಂದಕ್ಕೆ ಎಸೆಯಲ್ಪಡುತ್ತೀರಿ.

ಇನ್ನು ಸಪಾಟು ನೀರು. ಗಾಳಿ ನೀರಿನ ಮೇಲೆ ಎಷ್ಟು ದೂರ ಬೀಸಿಕೊಂಡು ಬರುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಆ ದೂರವನ್ನು ನಡುವೆಯೇ ತುಂಡರಿಸಿದರೆ ಅಲೆ ಏಳುವುದಿಲ್ಲ. ಆದರೆ ತುಂಡರಿಸುವ ಗೋಡೆ ತಗ್ಗಾಗಿರಬೇಕು. ಎತ್ತರದ ತೆಂಗಿನ ತೋಟ, ಕಟ್ಟಡ, ಗುಡ್ಡ ಅಡ್ಡವಿದ್ದರೆ ಗಾಳಿಯೂ ಮುರಿದು, ಒಮ್ಮೆ ಸುಮ್ಮನಿದ್ದು ಒಮ್ಮೆ ರಪ್ಪೆಂದು ಬಡಿಯುತ್ತದೆ. ಅಲೆಯನ್ನು ತಡೆಯಬೇಕು, ಗಾಳಿಯನ್ನು ಬಿಡಬೇಕು. ಮರವಂತೆಯ ಹೆದ್ದಾರಿಯಲ್ಲಿ ಹೋದವರಿಗೆ ಇದು ಥಟ್ಟನೆ ಅರ್ಥವಾದೀತು. ಒಂದು ಬದಿಗೆ ಅಬ್ಬರಿಸುವ ಕಡಲು, ರಸ್ತೆಯ ಆಚೆ ಬದಿಗೆ ಶಾಂತವಾದ ಸೌಪರ್ಣಿಕಾ. ನಡುವೆ ಇರುವುದು ಒಂದು ಸಣ್ಣ ನೆಲದ ಪಟ್ಟಿ, ಅಷ್ಟೇ.

ಅದೇ ಚಿತ್ರವನ್ನು ದೊಡ್ಡದು ಮಾಡಿದರೆ ತಮಿಳುನಾಡಿನ ರಾಮೇಶ್ವರ ಇರುವ ಪಾಂಬನ್ ದ್ವೀಪ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. 1964ರ ಚಂಡಮಾರುತದಲ್ಲಿ ಹಾಳಾದ ಧನುಷ್ಕೋಟಿಯ ಕಡೆಗೆ ದ್ವೀಪ ಕಿರಿದಾದ ಮರಳ ಪಟ್ಟಿಯಾಗುತ್ತದೆ. ನೈಋತ್ಯದ ಗಾಳಿ ಬೀಸುವ ಬೇಸಿಗೆ, ಮಳೆಗಾಲದಲ್ಲಿ ಉತ್ತರದ ದಡದ ನೀರು ಸಪಾಟು. ಈಶಾನ್ಯದ ಗಾಳಿಗೆ ದಕ್ಷಿಣದ ದಡ ಶಾಂತ. ಒಂದೇ ದ್ವೀಪ, ಗಾಳಿ ಬದಲಾದಂತೆ ಆಟದ ಮೈದಾನವೂ ಬದಲು.

ಅಪಾಯ ಅಡಗಿರುವುದೂ ಇಲ್ಲೇ. ಶಾಂತವಾದ ದಡವೆಂದರೆ ನೆಲದಿಂದ ಕಡಲಿನತ್ತ ಗಾಳಿ ಬೀಸುವ ದಡ. ದಡದಲ್ಲಿ ನಿಂತವರಿಗೆ ನೀರು ಕನ್ನಡಿಯಂತೆ ಕಾಣುತ್ತದೆ. ಬಿದ್ದವನನ್ನು ಮಾತ್ರ ಗಾಳಿ ಒಳಕಡಲಿಗೆ ತಳ್ಳುತ್ತಲೇ ಇರುತ್ತದೆ. ಒಮ್ಮೆ ನನ್ನ ಕಣ್ಣೆದುರಿಗೇ ಹದಿಹರೆಯದ ಹುಡುಗನೊಬ್ಬ ಹೀಗೆ ದೂರ ಸಾಗಿದ. ಈಜು ಬಲ್ಲ ಹುಡುಗನೇ. ಹಲಗೆಯನ್ನು ಬಿಡದೆ ಅದನ್ನೇ ತಬ್ಬಿಕೊಂಡು ಮಲಗಿದ್ದರಿಂದ ಮೀನುಗಾರರ ದೋಣಿಯವರಿಗೆ ಕಂಡ, ಬದುಕಿದ. ಗಾಳಿ ದಡಕ್ಕೆ ಅಡ್ಡಲಾಗಿ, ಇಲ್ಲವೇ ಓರೆಯಾಗಿ ದಡದತ್ತ ಬೀಸುವ ಜಾಗವೇ ಕಲಿಯುವವರಿಗೆ ಕ್ಷೇಮ. ಕೆರಿಬಿಯನ್ ಕಡಲಿನ ಬೊನೇರ್ ದ್ವೀಪದ ‘ಲಾಕ್ ಬೇ’ ಇದಕ್ಕೇ ಹೆಸರುವಾಸಿ. ಅಲ್ಲಿ ಹವಳದ ದಿಬ್ಬ ಹೊರಗಡೆಯೇ ಅಲೆಗಳನ್ನು ಒಡೆಯುತ್ತದೆ. ಗಾಳಿ ಒಳಗೆ ಬರುತ್ತದೆ, ನೀರು ಸೊಂಟದ ಮಟ್ಟ.

ಹೊಸ ಜಾಗಕ್ಕೆ ಹೋದಾಗ ನಾವು ಹಲಗೆ ಇಳಿಸುವ ಮೊದಲು ಮೂರು ಕೆಲಸ ಮಾಡುತ್ತೇವೆ. ಒಂದು, ಸ್ಥಳೀಯ ಮೀನುಗಾರರನ್ನು ಕೇಳುವುದು. ಭರತ, ಇಳಿತ, ಸೆಳೆತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಅಳಿವೆಯ ಬಾಯಿಯಲ್ಲಂತೂ ಇಳಿತದ ಹೊತ್ತಿನಲ್ಲಿ ನೀರು ಕಡಲಿಗೆ ಎಳೆಯುತ್ತದೆ. ಎರಡು, ಒಂದು ತೆಂಗಿನಸಿಪ್ಪೆಯನ್ನು ನೀರಿಗೆ ಎಸೆದು ಹತ್ತು ನಿಮಿಷ ನೋಡುವುದು. ಅದು ಹೋಗುವ ದಾರಿಯೇ ಬಿದ್ದವರ ದಾರಿ. ಮೂರು, ದೊಡ್ಡವರಿಬ್ಬರು ಲೈಫ್ ಜಾಕೆಟ್ ತೊಟ್ಟು, ಕೋಲು ಊರುತ್ತಾ, ಆಡುವಷ್ಟೂ ಜಾಗವನ್ನು ನಡೆದು ನೋಡುವುದು. ಕಾಲಿಗೆ ಶೂ ಬೇಕು, ಚಿಪ್ಪು ಕೊಯ್ಯುತ್ತದೆ. ಕಡಲಲ್ಲಾದರೆ ಹೆಜ್ಜೆ ಎತ್ತಿಡದೆ ಕಾಲು ಎಳೆಯುತ್ತಾ ನಡೆಯಬೇಕು, ಮರಳಲ್ಲಿ ಅಡಗಿದ ತೊರಕೆ ಮೀನು ಸರಿದುಹೋಗಲಿ ಎಂದು.

ಮಕ್ಕಳಿಗೆ ಇನ್ನೊಂದು ಮಾತು. ಬೀಳುವುದನ್ನೂ ಕಲಿಯಬೇಕು. ತಲೆ ಕೆಳಗಾಗಿ ಧುಮುಕಬಾರದು, ಬೆನ್ನಿನ ಮೇಲೆ ಚಪ್ಪಟೆಯಾಗಿ ಬೀಳಬೇಕು. ಮೇಲೇಳುವಾಗ ಒಂದು ಕೈ ತಲೆಯ ಮೇಲಿರಲಿ, ಹಾಯಿಯ ಕೋಲು ಬಡಿಯದಂತೆ.

ನಮ್ಮೂರ ಕೆರೆಯೂ ಸಪಾಟಾಗಿದೆಯಲ್ಲ ಎಂದು ಯಾರಿಗಾದರೂ ಅನಿಸಬಹುದು. ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಹೂಳಿನಲ್ಲಿ ಕಾಲು ಹುಗಿಯುತ್ತದೆ. ಜಲಾಶಯಗಳಲ್ಲಿ ನೀರಿನ ಮಟ್ಟ ಏರಿಳಿಯುತ್ತದೆ, ಮುಳುಗಿದ ಮರದ ಬೊಡ್ಡೆಗಳಿರುತ್ತವೆ. ಅನುಮತಿಯಿಲ್ಲದೆ, ಕಲಿಸುವವರಿಲ್ಲದೆ ಅಲ್ಲಿಗೆ ಇಳಿಯುವಂತಿಲ್ಲ. ಮೇಲೆ ಎಷ್ಟೇ ಸಪಾಟಾಗಿದ್ದರೂ ನೀರಿನ ತಳ ಕಣ್ಣಿಗೆ ಕಾಣುವುದಿಲ್ಲ. ಕಾಲಿಗೆ, ಕೋಲಿಗೆ ಮಾತ್ರ ಗೊತ್ತಾಗುತ್ತದೆ. ಅಷ್ಟು ನೋಡಿಕೊಂಡ ಮೇಲೆ ದಿನಕ್ಕೆ ಐವತ್ತು ಸಲ ಬಿದ್ದರೂ ಚಿಂತೆಯಿಲ್ಲ. ಐವತ್ತೊಂದನೆಯ ಸಲ ಹಲಗೆ ಸುಯ್ಯೆಂದು ತಿರುಗಿದಾಗ ಮಕ್ಕಳು ಹಾಕುವ ಕೇಕೆಗೆ ದಡದ ಕೊಕ್ಕರೆಗಳೆಲ್ಲ ಹಾರಿಹೋಗುತ್ತವೆ.